ಎರಡನೆಯ ಕೈಗೆ ಬಂದ ಗೆರೆ

ಅವಳ ಚಿತ್ರದಲ್ಲಿ ಎರಡು ಗೆರೆಗಳಿದ್ದವು, ನನ್ನದರಲ್ಲಿ ಒಂದೇ. ನನ್ನ ಹೊಟ್ಟೆಕಿಚ್ಚಿಗೆ ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಗೆರೆ ಎಂದರೇನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಉರಿ ಯಾರಿಗೂ ಅರ್ಥವಾಗದು. ಸಸ್ಯದ ಕೋಶದೊಳಗೆ ಉಸಿರಾಟದ ಕೆಲಸ ನಡೆಸುವ ಮೈಟೊಕಾಂಡ್ರಿಯಗಳಿವೆ. ಅವಕ್ಕೆ ಬೇಕಾದ ಪ್ರೋಟೀನ್‌ಗಳಲ್ಲಿ ಬಹುಪಾಲು ಅಲ್ಲೇ ತಯಾರಾಗುವುದಿಲ್ಲ. ಹೊರಗೆ ತಯಾರಾಗಿ ಒಳಗೆ ಹೋಗಬೇಕು. ಹಾಗೆ ಹೋಗಬೇಕಾದ ಪ್ರೋಟೀನ್‌ನ ಮುಂತುದಿಯಲ್ಲಿ ವಿಳಾಸದ ಚೀಟಿಯಂಥ ಒಂದು ತುಣುಕು ಇರುತ್ತದೆ. ಹೊರಪೊರೆಯ ಬಾಗಿಲು ಆ ಚೀಟಿಯನ್ನು ಗುರುತಿಸುತ್ತದೆ. ಒಳಪೊರೆಯ ಆಚೀಚೆ ಇರುವ ವಿದ್ಯುತ್ ವ್ಯತ್ಯಾಸ ಅದನ್ನು ಒಳಕ್ಕೆ ಎಳೆಯುತ್ತದೆ. ಒಳಗೆ ಹೋದ ಮೇಲೆ ಚೀಟಿಯನ್ನು ಕತ್ತರಿಸಲಾಗುತ್ತದೆ. ಸಸ್ಯಗಳಲ್ಲಿ ಆ ಕತ್ತರಿ ಉಸಿರಾಟದ ಯಂತ್ರದಲ್ಲೇ ಒಂದು ಭಾಗವಾಗಿ ಕೂತಿದೆ. ಚೀಟಿ ಕಳೆದುಕೊಂಡ ಪ್ರೋಟೀನ್ ತುಸು ಚಿಕ್ಕದಾಗುವುದರಿಂದ ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದಾಗ ತುಸು ಕೆಳಗೆ ನಿಲ್ಲುತ್ತದೆ. ಹಾಗಾಗಿ ಮೇಲಿನ ಗೆರೆ ಹೊರಗೆ ಉಳಿದದ್ದು, ಕೆಳಗಿನ ಗೆರೆ ಒಳಗೆ ಹೋದದ್ದು. ಅವಳಿಗೆ ಕೆಳಗಿನ ಗೆರೆ ಬಂದಿತ್ತು.

ಅವಳು ಎಂದರೆ ಬಾಗಲಕೋಟೆಯವಳು. ಅಣ್ಣ ತೈಲ ಕಂಪನಿಯಲ್ಲಿ ಎಂಜಿನಿಯರ್, ಅವನ ಸಂಸಾರದ ಜೊತೆ ಕುವೈತ್‌ನ ಮಹಬೂಲಾದಲ್ಲಿ ಇದ್ದಳು. ನಮ್ಮ ಪ್ರಯೋಗಾಲಯಕ್ಕೆ ನನಗಿಂತ ಬಹಳ ತಡವಾಗಿ ಸೇರಿದವಳು. ನಾವಿಬ್ಬರೂ ಸಂಶೋಧನಾ ಸಹಾಯಕಿಯರು, ನಮ್ಮಿಬ್ಬರ ಮೇಲೆ ಡಾಕ್ಟರ್. ಡಾಕ್ಟರ್ ಕುವೈತಿ ಮಹಿಳೆ, ಪ್ರಯೋಗಾಲಯದ ಮುಖ್ಯಸ್ಥೆ. ಅವರು ಹುಡುಕುತ್ತಿದ್ದುದು ಖರ್ಜೂರದ ಮರದ ಒಂದು ಪ್ರೋಟೀನ್‌ನ ದಾರಿ. ಬಿಸಿಲಿನ ಹೊಡೆತದಲ್ಲಿ ಕೋಶವನ್ನು ಕಾಯುವ ಆ ಪ್ರೋಟೀನ್ ಎಲೆಯ ಹಸಿರನ್ನು ಹೊತ್ತ ಕ್ಲೋರೋಪ್ಲಾಸ್ಟ್‌ಗೆ ಹೋಗುತ್ತದೆಂದು ನಾನು ಆಗಲೇ ತೋರಿಸಿದ್ದೆ. ಸಸ್ಯಗಳ ತಲೆನೋವೇ ಇದು: ಹಸಿರಿನ ಮನೆಗೆ ಹೋಗುವ ಚೀಟಿಗೂ ಉಸಿರಿನ ಮನೆಗೆ ಹೋಗುವ ಚೀಟಿಗೂ ಹೋಲಿಕೆ ಬಹಳ. ಕೆಲವು ಪ್ರೋಟೀನ್‌ಗಳು ಎರಡಕ್ಕೂ ಹೋಗುತ್ತವೆ. ನಮ್ಮದೂ ಹಾಗೆಯೇ ಇರಬಹುದು ಎಂದವಳು ಅವಳು.

ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಯೋಜನೆಯ ಎರಡನೆಯ ಅವಧಿಗೆ ಒಂದೇ ಹುದ್ದೆ. ಪ್ರೋಟೀನ್ ಮೈಟೊಕಾಂಡ್ರಿಯಕ್ಕೂ ಹೋಗುವುದಾದರೆ ಮುಂದಿನ ಕೆಲಸವೆಲ್ಲ ಅದರ ಮೇಲೆ, ಹುದ್ದೆ ಅವಳಿಗೆ. ಹೋಗದಿದ್ದರೆ ಕ್ಲೋರೋಪ್ಲಾಸ್ಟ್ ಕೆಲಸವೇ ಮುಂದುವರಿಯುತ್ತದೆ, ಹುದ್ದೆ ನನಗೆ. ಜೊತೆಗೆ ಅವರದೊಂದು ಹಳೆಯ ನಿಯಮ: ಒಬ್ಬರ ಕೈಯಲ್ಲಿ ಬಂದದ್ದು ಇನ್ನೊಬ್ಬರ ಕೈಯಲ್ಲೂ ಬರುವ ತನಕ ಅದು ಫಲಿತಾಂಶವಲ್ಲ, ಸುದ್ದಿ.

ಎರಡನೆಯ ಕೈ ನನ್ನದು.

ನಾನು ಹುಟ್ಟಿದ್ದು ಕುವೈತ್‌ನಲ್ಲಿ. ಮೈದಾನ್ ಹವಲ್ಲಿಯ ಫ್ಲ್ಯಾಟೊಂದರಲ್ಲಿ ಬೆಳೆದೆ, ಇಲ್ಲಿನ ಭಾರತೀಯ ಶಾಲೆಯಲ್ಲಿ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ, ಓದಲು ಮಂಗಳೂರಿಗೆ ಹೋದಷ್ಟು ಕಾಲ ಬಿಟ್ಟರೆ ಬೇರೆ ಊರು ಗೊತ್ತಿಲ್ಲ. ಆದರೆ ಇಲ್ಲೇ ಹುಟ್ಟಿದೆ ಎನ್ನುವುದು ಇಲ್ಲಿ ವಾದವಾಗಿ ನಿಲ್ಲುವುದಿಲ್ಲ. ಇಕಾಮಾ, ಅಂದರೆ ವಾಸದ ಪರವಾನಗಿ, ಇದ್ದರೆ ಇರಬಹುದು, ಮುಗಿದರೆ ಹೊರಡಬೇಕು. ಅಪ್ಪನ ಹೋಟೆಲ್ ಕೆಲಸ ಮುಗಿದು ಅಪ್ಪ ಅಮ್ಮ ಉಡುಪಿಗೆ ಹೊರಡುವ ತಯಾರಿಯಲ್ಲಿದ್ದರು. ನನ್ನ ಇಕಾಮಾ ಈ ಕೆಲಸದ ಮೇಲೆ ನಿಂತಿತ್ತು. ಅಂದರೆ ನಾನು ನನ್ನ ಊರಲ್ಲಿ ಉಳಿಯಬೇಕಾದರೆ ಅವಳ ಕೆಳಗಿನ ಗೆರೆ ಸುಳ್ಳಾಗಬೇಕಿತ್ತು.

ಅದು ಸುಳ್ಳೆಂದು ನಾನು ಮನಸಾರೆ ನಂಬಿದ್ದೆ ಕೂಡ. ನಂಬುವುದು ಕಷ್ಟವಾಗಲಿಲ್ಲ.

ಕೆಲಸದ ಕ್ರಮ ಹೀಗೆ. ಖರ್ಜೂರದ ಎಲೆ ನಾರು, ಅರೆದರೆ ಕಪ್ಪಾಗುತ್ತದೆ, ಅದರಿಂದ ಒಳ್ಳೆಯ ಮೈಟೊಕಾಂಡ್ರಿಯ ತೆಗೆಯುವುದು ಕಷ್ಟ. ಆದ್ದರಿಂದ ಬಟಾಣಿಯ ಎಳೆ ಸಸಿಗಳನ್ನು ಪೆಟ್ಟಿಗೆಯಲ್ಲಿ ಬೆಳೆಸಿ, ಬಟಾಣಿಯ ಮೈಟೊಕಾಂಡ್ರಿಯಕ್ಕೆ ಖರ್ಜೂರದ ಪ್ರೋಟೀನ್ ಕೊಡುತ್ತಿದ್ದೆವು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಜುಲೈ. ಒಳಗೆ ಶೀತಲ ಕೋಣೆಯಲ್ಲಿ ನಾವು ಸ್ವೆಟರ್ ಹಾಕಿಕೊಂಡು ಸಸಿ ಅರೆಯುತ್ತಿದ್ದೆವು. ಅರೆದದ್ದನ್ನು ತೆಳು ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ತಿರುಗಿಸಬೇಕು. ಕೊನೆಗೆ ದಟ್ಟ ದ್ರವದ ಪದರಗಳ ಮೇಲಿಟ್ಟು ತಿರುಗಿಸಿದರೆ ಹಸಿರು ಮೇಲೆ ಉಳಿದು ಕೆಳಗೆ ಕಂದುಬಿಳಿಯ ಒಂದು ಪಟ್ಟೆ ನಿಲ್ಲುತ್ತದೆ. ಅದೇ ಮೈಟೊಕಾಂಡ್ರಿಯ. ಅದು ಕೆಲವು ಗಂಟೆ ಮಾತ್ರ ಬದುಕಿರುತ್ತದೆ, ಅದೂ ಮಂಜುಗಡ್ಡೆಯ ಮೇಲೆ.

ಪ್ರೋಟೀನನ್ನು ಮೊಲದ ರಕ್ತಕಣದ ಸಾರದಲ್ಲಿ, ವಿಕಿರಣ ಸೂಸುವ ಗಂಧಕ ಸೇರಿಸಿ ತಯಾರಿಸುತ್ತೇವೆ, ಆಮೇಲೆ ಗೆರೆಯಾಗಿ ಕಾಣಲೆಂದು. ಅದನ್ನು ಮೈಟೊಕಾಂಡ್ರಿಯದ ಜೊತೆ ಬೆರೆಸಿ ಬೆಚ್ಚಗಿನ ನೀರಿನಲ್ಲಿ ಇಡಬೇಕು. ಬಳಿಕ ಪ್ರೋಟೀನ್ ತಿನ್ನುವ ಕಿಣ್ವವೊಂದನ್ನು ಹಾಕಿದರೆ ಹೊರಗೆ ಉಳಿದದ್ದನ್ನೆಲ್ಲ ಅದು ತಿಂದುಹಾಕುತ್ತದೆ. ಒಳಗೆ ಹೋದದ್ದು ಪೊರೆಯ ಮರೆಯಲ್ಲಿ ಬದುಕುತ್ತದೆ. ಪಕ್ಕದಲ್ಲಿ ಇನ್ನೊಂದು ಟ್ಯೂಬ್ ಇರಲೇಬೇಕು, ವ್ಯಾಲಿನೊಮೈಸಿನ್ ಹಾಕಿದ್ದು. ಅದು ಒಳಪೊರೆಯ ವಿದ್ಯುತ್ತನ್ನು ಅಳಿಸಿಬಿಡುವ ವಿಷ. ಅದನ್ನು ಹಾಕಿದಾಗ ಕೆಳಗಿನ ಗೆರೆ ಮಾಯವಾದರೆ ಪ್ರೋಟೀನ್ ಹೋದದ್ದು ನಿಜವಾಗಿ ಮೈಟೊಕಾಂಡ್ರಿಯಕ್ಕೇ ಎಂದು ಅರ್ಥ.

ನಾನು ಈ ವಿಷದ ಟ್ಯೂಬನ್ನು ಮೊದಲು ತುಂಬುತ್ತಿದ್ದೆ. ಚರ್ಚೆಯ ಅಭ್ಯಾಸ ಅದು: ಎದುರು ಪಕ್ಷದ ವಾದವನ್ನು ಮೊದಲು ಮೇಜಿನ ಮೇಲಿಡು. ಇನ್ನೊಂದು ಅಭ್ಯಾಸವೂ ಇತ್ತು. ಸಣ್ಣ ಅಳತೆಗಳಿಗೆ ಎಲ್ಲರೂ ಬಳಸುವ ಪಿಪೆಟ್ಟನ್ನು ನಾನು ನಂಬುತ್ತಿರಲಿಲ್ಲ. ಒಮ್ಮೆ ತೂಕ ಹಾಕಿ ನೋಡಿದಾಗ ಅದು ತಪ್ಪು ಅಳೆದಿತ್ತು. ಅಂದಿನಿಂದ ನನ್ನದೇ ಒಂದು ಗಾಜಿನ ಸಿರಿಂಜ್, ತೂಕ ಹಾಕಿ ಪರೀಕ್ಷಿಸಿದ್ದು. ಬಾಗಲಕೋಟೆಯವಳು ಪ್ರತಿ ಹನಿಗೂ ಪಿಪೆಟ್ಟಿಗೆ ಒಂದು ಹೊಸ ಪ್ಲಾಸ್ಟಿಕ್ ತುದಿ ಹಾಕಿ ಬಿಸಾಡುತ್ತಿದ್ದಳು. ದುಂದು ಎಂದು ಮನಸ್ಸಿನಲ್ಲೇ ಬೈದುಕೊಂಡು ನಾನು ಸಿರಿಂಜನ್ನು ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆದಿಡುತ್ತಿದ್ದೆ.

ಅವಳಿಗೆ ಗೆರೆ ಬಂತು. ನನಗೆ ಬರಲಿಲ್ಲ. ಮತ್ತೆ ಮಾಡಿದೆವು, ಅವಳಿಗೆ ಬಂತು, ನನಗೆ ಬರಲಿಲ್ಲ. ನನ್ನ ಮೈಟೊಕಾಂಡ್ರಿಯ ಸತ್ತಿರಬಹುದೇ ಎಂದರೆ ಹಾಗೂ ಅಲ್ಲ. ಪರೀಕ್ಷೆಗೆಂದು ಎಲ್ಲರೂ ಬಳಸುವ, ಸುಲಭವಾಗಿ ಒಳಹೋಗುವ ಇನ್ನೊಂದು ಪ್ರೋಟೀನ್ ಇದೆ. ಸಾಕ್ಷಿ ಪ್ರೋಟೀನ್ ಎಂದು ಕರೆಯೋಣ. ಅದು ನನ್ನ ಟ್ಯೂಬಿನಲ್ಲೂ ಒಳಗೆ ಹೋಗುತ್ತಿತ್ತು, ಮಸುಕಾಗಿಯಾದರೂ.

ಇಷ್ಟಕ್ಕೇ ಹೊಟ್ಟೆಕಿಚ್ಚು ಮುಗಿಯುವುದಿಲ್ಲ. ಡಾಕ್ಟರ್ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಅವಳನ್ನು ಮಾತ್ರ ಮುದ್ದಿನಿಂದ ಹಬೀಬ್ತಿ, ನನ್ನ ಪ್ರೀತಿಯವಳೇ, ಎನ್ನುತ್ತಿದ್ದರು. ನಾನು ಶಾಲೆಯಲ್ಲಿ ಕಲಿತ ಅರಬಿಗೆ ಸೆಕ್ಯುರಿಟಿಯವರು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು. ಅವಳ ಮುರುಕು ಅರಬಿಗೆ ಅವರ ಮನೆಯವರ ಕ್ಷೇಮಸಮಾಚಾರವೆಲ್ಲ ಸಿಗುತ್ತಿತ್ತು. ಮಧ್ಯಾಹ್ನ ಅವಳು ಡಬ್ಬಿ ತೆರೆದರೆ ಡಾಕ್ಟರ್ ಬಂದು ಜೋಳದ ರೊಟ್ಟಿ ಮುರಿದುಕೊಂಡು ಹೋಗುತ್ತಿದ್ದರು.

"ನೀವೂ ತಗೋರಿ," ಎಂದು ಡಬ್ಬಿ ನನ್ನ ಕಡೆ ತಳ್ಳುತ್ತಿದ್ದಳು. "ಶೇಂಗಾ ಹಿಂಡಿ ಖಾರ ಐತಿ, ನೋಡ್ಕೊಂಡ ಹಚ್ಕೋರಿ."

"ಬೇಡ. ಡಯೆಟ್ ಮಾಡ್ತಾ ಇದ್ದೇನೆ."

"ಡಯಟ್ ಮಾಡೂವಂಥ ಮೈ ಎಲ್ಲೈತ್ರಿ ನಿಮಗ? ಸಿಟ್ಟಿನಾಗ ಕರಗಿಹೋಗೀರಿ."

ಅವಳು ನಿಷ್ಕಪಟಿಯಾಗಿದ್ದದ್ದು ನನಗೆ ಇನ್ನೊಂದು ಕಿರುಕುಳ. ಕೆಟ್ಟವಳಾಗಿದ್ದರೆ ವಾದ ಸುಲಭವಾಗುತ್ತಿತ್ತು.

ವಾರದ ಸಭೆಯಲ್ಲಿ ನಾನು ಮಾತಿನ ಏಟು ಹೊಡೆದೆ. ಸಭೆ ಇಂಗ್ಲಿಷಿನಲ್ಲಿ ನಡೆಯಬೇಕು. ನಮ್ಮಿಬ್ಬರ ನಡುವೆ ಬಿಸಿ ಏರಿದರೆ ಮಾತು ಕನ್ನಡಕ್ಕೆ ಜಾರುತ್ತಿತ್ತು, ಡಾಕ್ಟರ್ ಟೆನಿಸ್ ನೋಡುವವರಂತೆ ಕತ್ತು ತಿರುಗಿಸುತ್ತಿದ್ದರು.

"ನಿಮ್ಮ ಮೈಟೊಕಾಂಡ್ರಿಯದಲ್ಲಿ ಹಸಿರು ಉಂಟು," ಎಂದೆ. "ಹಸಿರು ಅಂದ್ರೆ ಕ್ಲೋರೋಪ್ಲಾಸ್ಟ್. ಪ್ರೋಟೀನ್ ಹೋದದ್ದು ಅದರೊಳಗೆ. ನೀವು ನೋಡಿದ್ದು ನಾನು ಆಗಲೇ ತೋರಿಸಿದ್ದನ್ನೇ."

"ಒಂಚೂರು ಹಸರ ಐತ್ರಿ. ಇಲ್ಲ ಅನ್ನಂಗಿಲ್ಲ."

"ಹಾಗಾದ್ರೆ ಒಪ್ಪಿದ ಹಾಗಾಯ್ತಲ್ಲ?"

"ಹಸರ ಒಪ್ಪೀನ್ರಿ. ಮುಂದಿಂದು ಒಪ್ಪಿಲ್ಲ." ಅವಳು ಚಿತ್ರದ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ವ್ಯಾಲಿನೊಮೈಸಿನ್ ಹಾಕಿದ ಟ್ಯೂಬ್ ನೋಡ್ರಿ, ಕೆಳಗಿನ ಗೆರಿ ಇಲ್ಲ. ಕ್ಲೋರೋಪ್ಲಾಸ್ಟಿನೊಳಗ ಹೋಗಿದ್ರ ಈ ವಿಷಕ್ಕ ಅದು ಯಾಕ ಹೆದರ್ತಿತ್ತು?"

ಕ್ಲೋರೋಪ್ಲಾಸ್ಟ್‌ನ ಬಾಗಿಲಿಗೆ ಆ ವಿದ್ಯುತ್ ಬೇಕಿಲ್ಲ. ಅವಳ ಮಾತು ಸರಿ. ನನ್ನ ವಾದ ಅಲ್ಲೇ ಬಿತ್ತು. ಬಿದ್ದದ್ದನ್ನು ಒಪ್ಪುವ ಬದಲು, "ಆದರೂ ನನ್ನ ಕೈಯಲ್ಲಿ ಬರುತ್ತಿಲ್ಲವಲ್ಲ?" ಎಂದೆ. ಅದು ಮಾತ್ರ ಬೀಳುವ ವಾದವಾಗಿರಲಿಲ್ಲ.

"ಯಲ್ಲಾ, ಇಂಗ್ಲಿಷ್!" ಎಂದು ಡಾಕ್ಟರ್ ಮೇಜು ತಟ್ಟಿದರು. ವಿಷಯ ಕೇಳಿ ತೀರ್ಪು ಕೊಟ್ಟರು: ಒಂದೇ ಸಲ ಅರೆದ ಮೈಟೊಕಾಂಡ್ರಿಯ, ಒಂದೇ ಮಂಜಿನ ಬಕೆಟ್ಟು, ಎರಡು ಕೈ. ನನ್ನ ಕೈಯಲ್ಲಿ ಆಗಲೂ ಬರದಿದ್ದರೆ ಅದರ ಮೇಲೆ ಅವರು ಎರಡನೆಯ ಅವಧಿಯನ್ನು ಕಟ್ಟುವುದಿಲ್ಲ.

ಆ ದಿನ ಇಬ್ಬರೂ ಒಟ್ಟಿಗೆ ಅರೆದೆವು. ಮೈಟೊಕಾಂಡ್ರಿಯ ಎಷ್ಟು ಚೊಕ್ಕಟವಾಗಿ ಬಂದಿತ್ತೆಂದರೆ ನನಗೇ ಸಂತೋಷವಾಯಿತು. ಅರ್ಧ ಅವಳ ಮೇಜಿಗೆ, ಅರ್ಧ ನನ್ನದಕ್ಕೆ.

ಅವಳಿಗೆ ಗೆರೆ ಬಂತು. ನನಗೆ ಬರಲಿಲ್ಲ.

ಡಾಕ್ಟರ್ ಎರಡು ಚಿತ್ರಗಳನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರು. "ನಾನು ಇದನ್ನು ನಂಬಲಾರೆ," ಎಂದರು ಅವಳ ಕಡೆ ತಿರುಗಿ. ಹಬೀಬ್ತಿ ಎನ್ನಲಿಲ್ಲ. "ಕ್ಲೋರೋಪ್ಲಾಸ್ಟ್ ಕೆಲಸವೇ ಮುಂದುವರಿಯಲಿ. ಗುರುವಾರ ಬರೆದುಕೊಡುತ್ತೇನೆ."

ನಾನು ಗೆದ್ದೆ. ಅವಳು ಎದುರಾಡುತ್ತಾಳೆಂದು ಕಾದೆ. ನನ್ನ ಹತ್ತಿರ ಉತ್ತರಗಳು ಸಿದ್ಧವಿದ್ದವು. ಅವಳು ಕೈಗವಸು ಬಿಚ್ಚುತ್ತಾ, "ನಂದ ಏನರ ತಪ್ಪಿರಬೇಕ್ರಿ," ಎಂದಳು, ಅಷ್ಟೇ. ನನಗೆ ಸಿಟ್ಟು ಬಂತು. ಎದುರಾಳಿ ಮೈಕ್ ಬಿಟ್ಟು ಕೆಳಗಿಳಿದರೆ ಗೆಲುವಿಗೆ ರುಚಿ ಇರುವುದಿಲ್ಲ.

ಆ ಚಿತ್ರಗಳನ್ನು ಮತ್ತೆ ತೆರೆದು ನೋಡಿದೆ, ನನ್ನ ಗೆಲುವನ್ನು ಇನ್ನೊಮ್ಮೆ ನೋಡುವ ಆಸೆಯಿಂದಲೇ. ಆಗ ಕಣ್ಣಿಗೆ ಬಿದ್ದದ್ದು ಸಾಕ್ಷಿ ಪ್ರೋಟೀನ್. ಅವಳ ಚಿತ್ರದಲ್ಲಿ ಅದರ ಗೆರೆ ಕಾಡಿಗೆ ತೀಡಿದ ಹಾಗೆ ಕಪ್ಪು. ನನ್ನದರಲ್ಲಿ ಮಸುಕು. ಡಾಕ್ಟರ್ ಅದನ್ನು ಜೆಲ್‌ನಿಂದ ಜೆಲ್‌ಗೆ ಆಗುವ ವ್ಯತ್ಯಾಸ ಎಂದು ಬಿಟ್ಟಿದ್ದರು. ಆದರೆ ಮೈಟೊಕಾಂಡ್ರಿಯ ಒಂದೇ, ಬಕೆಟ್ಟು ಒಂದೇ. ಬೇರೆಯವರು ಈ ಮಾತು ಹೇಳಿದ್ದರೆ ನಾನು ಬಿಡುತ್ತಿದ್ದೆನೇ? ಅವರ ಚರ್ಮ ಸುಲಿಯುತ್ತಿದ್ದೆ.

ಮರುದಿನ ಬೆಳಿಗ್ಗೆ ಹೊಸದಾಗಿ ಮೈಟೊಕಾಂಡ್ರಿಯ ತೆಗೆದು, ಆಮ್ಲಜನಕ ಅಳೆಯುವ ಯಂತ್ರದ ಪುಟ್ಟ ಕೋಣೆಯಲ್ಲಿ ಹಾಕಿದೆ. ಆರೋಗ್ಯವಂತ ಮೈಟೊಕಾಂಡ್ರಿಯ ಸುಮ್ಮನೆ ಇದ್ದಾಗ ನಿಧಾನವಾಗಿ ಉಸಿರಾಡುತ್ತದೆ. ಪರದೆಯ ಮೇಲಿನ ರೇಖೆ ಸೋಮಾರಿಯಾಗಿ ಇಳಿಯುತ್ತದೆ. ಒಳಪೊರೆಯ ವಿದ್ಯುತ್ ಸೋರಿಹೋದರೆ ಮಾತ್ರ ಅದು ಏದುಸಿರು ಬಿಡತೊಡಗುತ್ತದೆ, ರೇಖೆ ಕಡಿದಾಗಿ ಬೀಳುತ್ತದೆ. ಹೊಸ ಪ್ಲಾಸ್ಟಿಕ್ ತುದಿಯಿಂದ ಬರೀ ದ್ರಾವಣ ಹಾಕಿದೆ. ರೇಖೆ ಅಲುಗಲಿಲ್ಲ. ಆಮೇಲೆ ಅದೇ ದ್ರಾವಣವನ್ನು, ಅಷ್ಟೇ ಅಳತೆಯಲ್ಲಿ, ತೊಳೆದಿಟ್ಟ ನನ್ನ ಗಾಜಿನ ಸಿರಿಂಜಿನಿಂದ ಹಾಕಿದೆ.

ರೇಖೆ ಬಾಗಿತು.

ವ್ಯಾಲಿನೊಮೈಸಿನ್ ನೀರಿನಲ್ಲಿ ಕರಗುವುದಿಲ್ಲ. ನನಗೆ ಗೊತ್ತಿಲ್ಲದ ವಿಷಯವಲ್ಲ. ಅದನ್ನು ಎಥನಾಲ್‌ನಲ್ಲಿ, ಅಂದರೆ ಮದ್ಯಸಾರದಲ್ಲಿ, ಕರಗಿಸಿಟ್ಟವಳೇ ನಾನು. ಅದು ಗಾಜಿಗೆ ಅಂಟಿಕೊಂಡು ಕೂರುತ್ತದೆ, ಬಿಡಿಸಲು ಎಥನಾಲ್‌ನಲ್ಲೇ ತೊಳೆಯಬೇಕು. ಬೇರೆ ದೇಶದ ಪ್ರಯೋಗಾಲಯದಲ್ಲಿ ಎಥನಾಲ್ ಪ್ರತಿ ಮೇಜಿನ ಮೇಲೆ ನೀರಿನ ಹಾಗೆ ನಿಂತಿರುತ್ತದೆ. ಮದ್ಯ ನಿಷೇಧವಿರುವ ಇಲ್ಲಿ ನಮ್ಮ ಎಥನಾಲ್ ಸ್ಟೋರಿನ ಕಬ್ಬಿಣದ ಕಪಾಟಿನಲ್ಲಿ ಬೀಗದೊಳಗೆ. ಡಾಕ್ಟರ್ ಸಹಿ ಬೇಕು, ಸ್ಟೋರಿನ ಭಾಯಿಯ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಇಲ್ಲಿ ಕೆಲಸ ಮಾಡುವವರು ಅದಿಲ್ಲದೆ ನಡೆಸಿಕೊಳ್ಳುವುದನ್ನು ಕಲಿಯುತ್ತಾರೆ. ನಾನು ಚೆನ್ನಾಗಿಯೇ ಕಲಿತಿದ್ದೆ. ವಿಷದ ಟ್ಯೂಬನ್ನು ಮೊದಲು ತುಂಬಿ, ಅದೇ ಸಿರಿಂಜನ್ನು ನೀರಿನಲ್ಲಿ ಜಾಲಿಸಿ, ಉಳಿದ ಎಲ್ಲ ಟ್ಯೂಬುಗಳಿಗೂ ಹನಿ ಹನಿ ವಿಷ ಹಂಚಿದ್ದೆ. ಸಾಕ್ಷಿ ಪ್ರೋಟೀನ್ ಗಟ್ಟಿಗ, ಅರೆಬರೆ ವಿದ್ಯುತ್ತಿನಲ್ಲೂ ನುಸುಳಿತು. ಖರ್ಜೂರದ್ದಕ್ಕೆ ಆಗಲಿಲ್ಲ.

ಇದು ನನಗೊಬ್ಬಳಿಗೇ ಗೊತ್ತಿತ್ತು. ಗುರುವಾರ ಇನ್ನೂ ಬಂದಿರಲಿಲ್ಲ. ಬಾಯಿ ಮುಚ್ಚಿಕೊಂಡರೆ ಸಾಕು, ನಾನು ಏನನ್ನೂ ಮಾಡಬೇಕಾಗಿರಲಿಲ್ಲ. ಡಾಕ್ಟರ್ ಬರೆದುಕೊಡುತ್ತಾರೆ, ಇಕಾಮಾ ಮುಂದುವರಿಯುತ್ತದೆ, ನಾನು ಹುಟ್ಟಿದ ಊರಲ್ಲಿ ಉಳಿಯುತ್ತೇನೆ.

ಮುಂದೆ ನಾನು ಮಾಡಿದ್ದನ್ನು ಒಳ್ಳೆಯತನ ಎಂದು ಯಾರೂ ತಿಳಿಯಬೇಡಿ, ನಾನು ಅಲ್ಲೇ ತಕರಾರು ಎತ್ತುತ್ತೇನೆ. ಆ ಗೆರೆ ನನಗೆ ಬೇಕಾಗಿತ್ತು. ಅವಳ ಕೈಯಲ್ಲಿ ಬಂದದ್ದು ನನ್ನ ಕೈಯಲ್ಲಿ ಬರುವುದಿಲ್ಲ ಎಂಬ ಮಾತಿನ ಮೇಲೆ ಹುದ್ದೆ ಪಡೆದು ವರ್ಷಗಟ್ಟಲೆ ಆ ಮಾತಿನ ಕೆಳಗೆ ಕೂರುವುದು ನನ್ನಿಂದ ಆಗುವಂತಿರಲಿಲ್ಲ. ಅಷ್ಟೊಂದು ಹೊಟ್ಟೆಕಿಚ್ಚು ನನಗಿತ್ತು.

ಮೊದಲು ಸದ್ದಿಲ್ಲದೆ ಮುಗಿಸಲು ನೋಡಿದೆ. ಸ್ಟೋರಿಗೆ ಹೋದೆ.

"ಭಾಯಿ, ಥೋಡಾ ಎಥನಾಲ್ ಚಾಹಿಯೇ. ಒಂದು ಸಿರಿಂಜ್ ತೊಳೆಯುವಷ್ಟು."

"ಸಬ್ ಯಹೀ ಬೋಲ್ತೇ ಹೈಂ ಬೆಹೆನ್‌ಜಿ, ಥೋಡಾ ಥೋಡಾ," ಎಂದು ಭಾಯಿ ನಕ್ಕ. "ಡಾಕ್ಟರ್ ಕಾ ಸಹಿ ಲಾವೋ. ನಹೀಂ ತೋ ಆಪ್‌ಕೀ ಸಹೇಲಿ ಸೇ ಲೇ ಲೋ. ಉಸ್‌ಕೇ ಪಾಸ್ ಹೈ."

ಸಹೇಲಿ! ಅವಳು ನನ್ನ ಗೆಳತಿಯಂತೆ! ಬಾಗಲಕೋಟೆಯವಳು ಸೇರಿದ ಹೊಸದರಲ್ಲೇ ಸಹಿ ಮಾಡಿಸಿಕೊಂಡು ಒಂದು ಬಾಟಲಿ ತಂದಿಟ್ಟುಕೊಂಡಿದ್ದಳು. ಕೇಳುವುದಕ್ಕೆ ಅವಳಿಗೆ ಸಂಕೋಚವೆಂಬುದು ಇರಲಿಲ್ಲ. ಅದಕ್ಕೂ ನಾನು ಉರಿದುಕೊಂಡಿದ್ದೆ.

ಅವಳು ಮೇಜು ಖಾಲಿ ಮಾಡುತ್ತಿದ್ದಳು. "ನಿಮ್ಮ ಎಥನಾಲ್ ಸ್ವಲ್ಪ ಬೇಕಿತ್ತು," ಎಂದೆ.

"ತಗೋರಿ. ಏನ್ ತೊಳಿತೀರಿ?"

ಮೇಜು ಒರೆಸಲು ಎನ್ನಬಹುದಿತ್ತು. "ಸಿರಿಂಜ್. ಅದರಲ್ಲಿ ವ್ಯಾಲಿನೊಮೈಸಿನ್ ಉಳಿದಿತ್ತು. ನನ್ನ ಎಲ್ಲ ಟ್ಯೂಬಿಗೂ ಹೋಗಿದೆ."

ಅವಳು ಬಾಟಲಿಯನ್ನು ಮೇಜಿನ ಮೇಲಿಟ್ಟಳು. "ಯಾವಾಗಿಂದ್ರಿ?"

"ಮೊದಲಿನಿಂದ."

"ಅಂದ್ರ... ನಂದು ಖರೇ ಐತಿ?"

"ಅದು ಗೊತ್ತಿಲ್ಲ. ನನ್ನದು ಸುಳ್ಳು ಅನ್ನೋದು ಮಾತ್ರ ಗೊತ್ತುಂಟು. ಎರಡೂ ಒಂದೇ ಅಲ್ಲ."

"ಅಯ್ಯ ನಿಮ್ಮ! ಈಗೂ ವಾದಾನ?" ಎಂದು ನಗತೊಡಗಿದಳು, ನಗುತ್ತಾ ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ, "ನನಗ್ಯಾಕ ಹೇಳಿದ್ರಿ? ಸುಮ್ನ ಕೇಳಿದ್ರೂ ಕೊಡ್ತಿದ್ನಲ್ರಿ," ಎಂದಳು.

"ನಿಮಗೋಸ್ಕರ ಅಲ್ಲ ಮಾರಾಯ್ತಿ. ಆ ಗೆರೆ ನನಗೂ ಬೇಕು."

"ಹಂಗಾರ ತಡೀರಿ, ನಾ ಸಸಿ ಕೊಯ್ದು ತರತೀನಿ," ಎಂದು ಸ್ವೆಟರ್ ಹಾಕಿಕೊಂಡಳು.

ಡಾಕ್ಟರಿಗೆ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಯಂತ್ರದ ಮೇಲೆ ಆ ಬಾಗಿದ ರೇಖೆಯನ್ನು ಇನ್ನೊಮ್ಮೆ ತೋರಿಸು ಎಂದರು, ತೋರಿಸಿದೆ. ಸಿರಿಂಜನ್ನು ಎಥನಾಲ್‌ನಲ್ಲಿ ಎಳೆದು, ಚೆಲ್ಲಿ, ಮತ್ತೆ ಎಳೆದು ತೊಳೆದ ಮೇಲೆ ರೇಖೆ ಬಾಗದಿರುವುದನ್ನೂ ತೋರಿಸಿದೆ. ಆಮೇಲೆ ಟ್ಯೂಬುಗಳನ್ನು ತುಂಬಿದೆ, ಈ ಸಲ ವಿಷವನ್ನು ಕೊನೆಗೆ.

ಜೆಲ್ ಒಣಗಿ ಚಿತ್ರ ಪರದೆಗೆ ಬಂದಾಗ ಮೂವರೂ ನಿಂತೇ ನೋಡಿದೆವು. ಕೆಳಗಿನ ಗೆರೆ ಇತ್ತು. ಕಿಣ್ವ ಹಾಕಿದ ಟ್ಯೂಬಿನಲ್ಲಿ ಮೇಲಿನದು ಅಳಿಸಿಹೋಗಿ ಅದೊಂದೇ ಉಳಿದಿತ್ತು. ವಿಷದ ಟ್ಯೂಬಿನಲ್ಲಿ ಕೆಳಗಿನ ಗೆರೆ ಇರಲಿಲ್ಲ. ಖರ್ಜೂರದ ಪ್ರೋಟೀನ್ ಎರಡು ಮನೆಗೂ ಹೋಗುತ್ತದೆ.

"ನಿಮ್ಮ ಗೆರಿ ನಂದಕ್ಕಿಂತ ಚೆಂದ ಬಂದೈತಿ ನೋಡ್ರಿ," ಎಂದಳು ಅವಳು. ಹೌದು, ಚೆಂದ ಬಂದಿತ್ತು. ಅದನ್ನು ನಾನು ಹೇಳುವ ಮೊದಲು ಅವಳೇ ಹೇಳಿಬಿಟ್ಟಳು. ಅದನ್ನೂ ಸಹಿಸಲಾಗಲಿಲ್ಲ.

"ಖಲಾಸ್," ಎಂದರು ಡಾಕ್ಟರ್. "ಎರಡು ಕೈ." ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಎರಡನೆಯ ಅವಧಿ ಮೈಟೊಕಾಂಡ್ರಿಯದ ಮೇಲೆ, ಹುದ್ದೆ ಅವಳದು. ಮೊದಲೇ ಹೇಳಿದ್ದೆನಲ್ಲ ಎಂದರು. "ನಿನ್ನದೇನಾದರೂ ವಾದವಿದ್ದರೆ ಈಗ ಹೇಳು. ಕೇಳುತ್ತೇನೆ."

ವಾದಗಳಿದ್ದವು. ನಾನು ಅವಳಿಗಿಂತ ಹಳಬಳು. ಕ್ಲೋರೋಪ್ಲಾಸ್ಟ್ ಭಾಗ ನನ್ನದು. ತಪ್ಪು ಹುಡುಕಿದವಳೂ ನಾನೇ. ಒಂದೊಂದನ್ನೂ ಮನಸ್ಸಿನಲ್ಲಿ ಎತ್ತಿ ನೋಡಿದೆ. ಡಾಕ್ಟರ್ ಕೊಡಬಹುದಾದ ಉತ್ತರ ಪ್ರತಿಯೊಂದಕ್ಕೂ ನನಗೇ ಕಾಣುತ್ತಿತ್ತು. ಅವಳನ್ನು ಆ ಕುರ್ಚಿಯಿಂದ ಎಬ್ಬಿಸಬಲ್ಲ ವಾದ ಒಂದೇ: ಅವಳ ಗೆರೆ ಸುಳ್ಳು ಎಂಬುದು. ಅದು ನಿಜವೆಂದು ತೋರಿಸಿದ ಚಿತ್ರದ ಮೂಲೆಯಲ್ಲಿ ನನ್ನ ಹೆಸರಿತ್ತು.

"ಇಲ್ಲ," ಎಂದೆ. ಚರ್ಚೆಗೆ ನಿಂತ ಜೀವಮಾನದಲ್ಲಿ ನಾನು ನನ್ನ ಸರದಿಯನ್ನು ಹಾಗೆ ಬಿಟ್ಟುಕೊಟ್ಟದ್ದು ಅದೇ ಮೊದಲು.

ಇಕಾಮಾ ರದ್ದು ಮಾಡುವ ಕಾಗದ ಬಂದ ದಿನ ಅವಳೂ ಆಫೀಸಿನಲ್ಲಿದ್ದಳು, ತನ್ನದನ್ನು ನವೀಕರಿಸುವ ಕಾಗದದೊಂದಿಗೆ. ನನ್ನ ಪೆನ್ನು ಬರೆಯಲಿಲ್ಲ. ಕೊಡವಿದೆ, ಗೀಚಿದೆ, ಬರೆಯಲಿಲ್ಲ. ಅವಳು ತನ್ನ ಪೆನ್ನನ್ನು ಮುಂದೆ ಚಾಚಿದಳು. ಅವಳದು ಇದೊಂದಾದರೂ ಕೆಡಲಿ ಎಂದುಕೊಂಡು ಸಹಿ ಹಾಕಿದೆ. ಎಲ್ಲೂ ತಡೆಯದೆ ಬರೆಯಿತು.